ದಾನವೋ, ಋಣವೋ

ದಾನಗಳಲ್ಲಿ ಯಾವುದು ದೊಡ್ಡದು ಎಂಬ ಮಾತು ನಮ್ಮ ಕಡೆ ನಾಲ್ಕು ಜನ ಹೆಂಗಸರು ಸೇರಿದಾಗ ಒಮ್ಮೆಯಾದರೂ ಬಂದೇ ಬರುತ್ತದೆ. ಅನ್ನದಾನ ಎನ್ನುವವರೇ ಹೆಚ್ಚು. ಹಸಿವನ್ನು ಕಂಡವರು ಬೇರೆ ಮಾತು ಆಡಲಾರರು. ಕನ್ಯಾದಾನ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಹೆಣ್ಣುಮಗು ದಾನ ಕೊಡುವ ವಸ್ತುವಲ್ಲ ಎಂದು ಅವರೊಡನೆ ವಾದ ಹೂಡಿ ಗೆದ್ದವರಿಲ್ಲ. ಈಚಿನ ಹುಡುಗಿಯರು ರಕ್ತದಾನ, ನೇತ್ರದಾನ ಎನ್ನುತ್ತಾರೆ. ಯಾರಾದರೂ ವಿದ್ಯಾದಾನ ಎಂದರೆ ಮಾತ್ರ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಉಪಾಧ್ಯಾಯಿನಿ. ಆಗ ನನಗೆ ಸ್ವಲ್ಪ ಇರಿಸುಮುರಿಸು. ಏಕೆಂದರೆ ನಾನು ಮಾಡುತ್ತಿರುವುದು ದಾನವಲ್ಲ. ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಆ ಸಂಬಳ ಬರುವುದು ಸರ್ಕಾರದ ಖಜಾನೆಯಿಂದ. ಖಜಾನೆಗೆ ಬರುವುದು ಬಟ್ಟೆ ಸೋಪು ಕೊಳ್ಳುವ ಕೂಲಿಯವಳೂ ಕಟ್ಟುವ ತೆರಿಗೆಯಿಂದ. ಹಣ ಪಡೆದು ಮಾಡಿದ ಕೆಲಸಕ್ಕೆ ದಾನವೆಂದು ಹೆಸರಿಟ್ಟುಕೊಂಡರೆ ದಾನದ ಮರ್ಯಾದೆ ಏನಾಗಬೇಕು? ನಾನು ತರಗತಿಯಲ್ಲಿ ತೀರಿಸುತ್ತಿರುವುದು ಋಣ.

ದಾನಕ್ಕೂ ಋಣಕ್ಕೂ ಇರುವ ಈ ವ್ಯತ್ಯಾಸ ಸಣ್ಣದಲ್ಲ. ದಾನ ಕೊಡುವವರ ಇಷ್ಟ. ಕೊಟ್ಟರೆ ಕೈ ಮುಗಿಯಬೇಕು, ಕೊಡದಿದ್ದರೆ ಸುಮ್ಮನೆ ಹೊರಡಬೇಕು. ಋಣ ಹಾಗಲ್ಲ, ಅದನ್ನು ಕೇಳಿ ಪಡೆಯುವ ಹಕ್ಕು ಕೊಟ್ಟವರಿಗೆ ಇದೆ. ಈ ಮಾತು ಈಗ ಏಕೆ ಬಂತೆಂದರೆ, ಲೋಕದ ವಿದ್ವಾಂಸರ ನಡುವೆ ಕಾಲು ಶತಮಾನದಿಂದ ಒಂದು ದೊಡ್ಡ ವಾದ ನಡೆಯುತ್ತಿದೆ. ಸಂಶೋಧಕರು ಬರೆದ ಲೇಖನಗಳನ್ನು ಯಾರು ಬೇಕಾದರೂ ಓದುವಂತಿರಬೇಕೆ, ಇಲ್ಲ ದುಡ್ಡು ಕೊಟ್ಟವರು ಮಾತ್ರ ಓದಬೇಕೆ ಎಂಬುದು ಆ ವಾದ. ಅದು ನಮಗೆ ಸಂಬಂಧಪಡದ ದೊಡ್ಡವರ ಜಗಳ ಎಂದು ನಾನೂ ತಿಳಿದಿದ್ದೆ. ನಮ್ಮೂರಿನ ಆಲೂಗಡ್ಡೆ ಹೊಲದಿಂದಲೇ ಅದು ನನ್ನ ಬಳಿಗೆ ಬಂತು.

ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರಾದ ಜಿಲ್ಲೆ. ಬಿತ್ತನೆ ಗೆಡ್ಡೆ ದೂರದ ಪಂಜಾಬಿನಿಂದ, ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಮುಂಗಾರಿನಲ್ಲಿ ಗೆಡ್ಡೆ ಹಾಕಿ ಒಳ್ಳೆಯ ಬೆಳೆ ಬರುತ್ತದೆಂದು ಕಾಯುತ್ತಿರುವಾಗ ನಾಲ್ಕು ದಿನ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿಯಿತೆಂದರೆ ರೈತರ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಅಂಗಮಾರಿ ರೋಗದ ಭಯ. ಎಲೆಯ ಅಂಚಿನಲ್ಲಿ ಕಂದು ಮಚ್ಚೆ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವೇ ಬಿಸಿನೀರು ಸುರಿದ ಹಾಗೆ ಬಾಡಿ ಕರಕಾಗುತ್ತದೆ. ಇದೇ ರೋಗ 1845ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡು, ಮುಂದಿನ ಕೆಲವು ವರ್ಷಗಳ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಊರು ಬಿಟ್ಟರು. ನಮ್ಮಲ್ಲಿ ಜನ ಸಾಯಲಿಲ್ಲ, ಸಾಲ ಬೆಳೆಯಿತು. ಎಷ್ಟೋ ಜನ ಆಲೂಗಡ್ಡೆಯ ಸಹವಾಸವೇ ಬೇಡವೆಂದು ಜೋಳ, ಶುಂಠಿ ಹಾಕಿದರು.

ಅಂಥ ಮನೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂಗಮಾರಿಯನ್ನೇ ವಿಷಯವಾಗಿ ಆರಿಸಿಕೊಂಡಳು. ನಾನು ಕನ್ನಡ, ಸಮಾಜ ವಿಜ್ಞಾನ ಹೇಳುವವಳು. ಬರವಣಿಗೆ ತಿದ್ದಿಕೊಡಲು ಮಾತ್ರ ಕೂತಿದ್ದೆ. ಶಾಲೆಯ ಕಂಪ್ಯೂಟರಿನಲ್ಲಿ ಹುಡುಕಿದಾಗ ನಮ್ಮ ಸೀಮೆಯ ಹೊಲಗಳಿಂದಲೇ ರೋಗದ ಎಲೆಗಳನ್ನು ಒಯ್ದು ಮಾಡಿದ ಸಂಶೋಧನೆಯ ಲೇಖನವೊಂದು ಸಿಕ್ಕಿತು. ಮೊದಲ ಹತ್ತು ಸಾಲು ಸಾರಾಂಶ ಓದಲು ಕೊಟ್ಟರು. ಅದರ ಕೆಳಗೆ ಒಂದು ಚೌಕ. ಪೂರ್ತಿ ಓದಬೇಕಾದರೆ ನಲವತ್ತು ಡಾಲರಿನ ಹತ್ತಿರ ಕೊಡಿ ಎಂದಿತ್ತು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೂ ಮೇಲೆ. ಸರ್ಕಾರದ ಧನಸಹಾಯದಿಂದ ನಡೆದ ಸಂಶೋಧನೆ ಎಂದು ಅಲ್ಲಿಯೇ ಬರೆದಿತ್ತು.

“ಎಲೆ ನಮ್ಮದು, ದುಡ್ಡು ಸರ್ಕಾರದ್ದು. ಮತ್ತೆ ನಾವ್ಯಾಕೆ ಮಿಸ್ ಕೊಡಬೇಕು?” ಎಂದಳು ಹುಡುಗಿ.

ಮಕ್ಕಳ ಪ್ರಶ್ನೆಗೆ “ಆಮೇಲೆ ಹೇಳ್ತೀನಿ” ಎನ್ನುವುದು ನಮ್ಮ ವೃತ್ತಿಯ ಹಳೆಯ ಉಪಾಯ. ಈ ಪ್ರಶ್ನೆಗೆ ನಿಜವಾಗಿಯೂ ಆಮೇಲೆಯೇ ಹೇಳಬೇಕಾಯಿತು, ಏಕೆಂದರೆ ಉತ್ತರವನ್ನು ನಾನೇ ಹುಡುಕಿಕೊಳ್ಳಬೇಕಿತ್ತು. ಹುಡುಕಿದಷ್ಟೂ ಆಶ್ಚರ್ಯವಾಯಿತು.

ಕಥೆ ಕಾದಂಬರಿ ಬರೆದವರಿಗೆ ಪ್ರಕಾಶಕರು ಗೌರವಧನ ಕೊಡುತ್ತಾರೆ. ಕಡಿಮೆಯೋ ಹೆಚ್ಚೋ, ತಡವಾಗಿಯೋ ಬೇಗನೆಯೋ, ಕೊಡಬೇಕೆಂಬ ನಿಯಮವಂತೂ ಇದೆ. ವಿದ್ವತ್ಪತ್ರಿಕೆಗಳಲ್ಲಿ ಹಾಗಿಲ್ಲ. ಬರೆದವರಿಗೆ ಬಿಡಿಕಾಸು ಇಲ್ಲ. ಬಂದ ಲೇಖನ ಸರಿಯಿದೆಯೇ ಎಂದು ಅದೇ ವಿಷಯದ ಬೇರೆ ವಿದ್ವಾಂಸರು ಓದಿ ಪರೀಕ್ಷಿಸುತ್ತಾರೆ. ಅವರಿಗೂ ಸಾಮಾನ್ಯವಾಗಿ ಏನೂ ಇಲ್ಲ. ಇವರೆಲ್ಲರಿಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯ, ಅಂದರೆ ಹೆಚ್ಚಿನ ಕಡೆ ಸರ್ಕಾರ. ಹೀಗೆ ಸಿದ್ಧವಾದ ಪತ್ರಿಕೆಯನ್ನು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತೆ ಚಂದಾ ಕಟ್ಟಿ ಕೊಳ್ಳಬೇಕು. ಹಾಲು ನಮ್ಮ ಮನೆಯದು, ಹೆಪ್ಪು ಪಕ್ಕದ ಮನೆಯದು, ಕಡೆದವರೂ ನಾವೇ. ಬೆಣ್ಣೆ ಮಾತ್ರ ಅಂಗಡಿಯಲ್ಲಿ ಕೊಳ್ಳಬೇಕು ಎಂದ ಹಾಗಾಯಿತು. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಕೆಲವಕ್ಕೆ ಈ ವ್ಯಾಪಾರದಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಲಾಭ ಉಳಿಯುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಲೋಕದಲ್ಲೇ ಸಿರಿವಂತವಾದದ್ದು. ಈ ಚಂದಾ ಹೀಗೆಯೇ ಏರುತ್ತಿದ್ದರೆ ನಮ್ಮಿಂದ ಕಟ್ಟಲು ಆಗುವುದಿಲ್ಲವೆಂದು 2012ರಲ್ಲಿ ಅಲ್ಲಿಯ ಗ್ರಂಥಾಲಯ ಸಮಿತಿಯೇ ತನ್ನ ಅಧ್ಯಾಪಕರಿಗೆ ಪತ್ರ ಬರೆಯಿತು. ಹಾರ್ವರ್ಡಿಗೇ ಕಷ್ಟವಾದರೆ ಹಾಸನದ ಪಾಡೇನು?

ಪ್ರಕಾಶಕರ ಮಾತನ್ನೂ ಕೇಳಬೇಕು. ಲೇಖನವನ್ನು ಪರೀಕ್ಷೆಗೆ ಕಳಿಸುವುದು, ತಿದ್ದುವುದು, ಅಚ್ಚು ಜೋಡಿಸುವುದು, ನೂರು ವರ್ಷ ಕೆಡದಂತೆ ಕಾಪಿಡುವುದು ಎಲ್ಲಕ್ಕೂ ಖರ್ಚಿದೆ ಎನ್ನುತ್ತಾರೆ ಅವರು. ಸುಳ್ಳಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮೊದಲ ವಿಜ್ಞಾನ ಪತ್ರಿಕೆ ಹೊರಟಾಗಿನಿಂದಲೂ ಅದನ್ನು ನಡೆಸುವ ಭಾರ ಯಾರಾದರೊಬ್ಬರ ಹೆಗಲ ಮೇಲೆ ಬಿದ್ದೇ ಇದೆ. ಬಿಟ್ಟಿ ಎಂಬುದು ಲೋಕದಲ್ಲಿ ಯಾವುದೂ ಇಲ್ಲ; ಮನೆಯಲ್ಲಿ ಬಿಟ್ಟಿಯಾಗಿ ಸಿಗುವ ಊಟದ ಹಿಂದೆ ಒಬ್ಬ ಹೆಂಗಸಿನ ದಿನವಿಡೀ ದುಡಿಮೆ ಇರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾದರೆ ಬೀಗ ಹಾಕುವವರು ಸರಿಯೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ನಮ್ಮದೇ ನಾಡಿನ ಎರಡು ಕತೆಗಳು.

ಶ್ರವಣಬೆಳಗೊಳ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನದು. ಅಲ್ಲಿ ಬೆಟ್ಟ ಹತ್ತಿದ ಹೆಂಗಸರಿಗೆ ಜೈನರ ನಾಲ್ಕು ದಾನಗಳ ಹೆಸರು ಕಿವಿಗೆ ಬಿದ್ದಿರುತ್ತದೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಹಸಿದವರಿಗೆ ಅನ್ನ, ಹೆದರಿದವರಿಗೆ ರಕ್ಷಣೆ, ರೋಗಿಗೆ ಔಷಧ. ಇವುಗಳ ಸಾಲಿನಲ್ಲಿಯೇ ಪುಸ್ತಕ. ಎಷ್ಟು ಹಿಂದೆಯೇ ಎಷ್ಟು ದೊಡ್ಡ ಯೋಚನೆ! ಹತ್ತನೇ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಸಾವಿರ ಪ್ರತಿ ಎಂದರೆ ಎಷ್ಟು ತಾಳೆಗರಿ, ಎಷ್ಟು ಲಿಪಿಕಾರರು, ಎಷ್ಟು ದಿನದ ಊಟ! ರನ್ನ ತನ್ನ ಅಜಿತಪುರಾಣದಲ್ಲಿ ಆಕೆಯನ್ನು ಹೊಗಳಿದ್ದು, ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಬಂದದ್ದು ಪಾಠದಲ್ಲಿ ಓದಿದ್ದೇವೆ. ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಮಾತು ಸೇರಿಸುತ್ತೇನೆ: ಆಕೆ ಪುಸ್ತಕವನ್ನು ಬಿಟ್ಟಿ ಮಾಡಲಿಲ್ಲ, ಅದರ ಖರ್ಚನ್ನು ತಾನು ಹೊತ್ತಳು. ಓದುವವನ ಕೈಯಿಂದ ಕೇಳಲಿಲ್ಲ, ಬರೆಯುವವನಿಗೂ ಹೊಟ್ಟೆಗಿಲ್ಲದಂತೆ ಮಾಡಲಿಲ್ಲ.

ಎರಡನೆಯ ಕತೆ ಮೂಡಬಿದಿರೆಯದು. ಅದರಲ್ಲಿಯೂ ಹೆಂಗಸರೇ ಇದ್ದಾರೆ. ಒಂಬತ್ತನೇ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆ ಜೈನ ಸಿದ್ಧಾಂತದ ಮೂಲ ಗ್ರಂಥಗಳಲ್ಲೊಂದು. ಪ್ರಾಕೃತ ಸಂಸ್ಕೃತಗಳು ಬೆರೆತ ಆ ಗ್ರಂಥದ ಹಳಗನ್ನಡ ಲಿಪಿಯ ಓಲೆಪ್ರತಿಗಳು ದೇಶದಲ್ಲೆಲ್ಲ ಅಳಿದು ಮೂಡಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದವು. ಆ ಪ್ರತಿಗಳನ್ನು ಬರೆಸಿದವರಲ್ಲಿ ದೇಮಿಯಕ್ಕ ಎಂಬಾಕೆ ಇದ್ದಾಳೆ. ಜೊತೆಯ ಮಹಾಬಂಧ ಗ್ರಂಥವನ್ನು ಬರೆಸಿದವಳು ಮಲ್ಲಿಕಬ್ಬೆ. ಶ್ರುತಪಂಚಮಿಯ ವ್ರತ ಹಿಡಿದು, ಅದರ ಉದ್ಯಾಪನೆಗೆಂದು ಗ್ರಂಥ ಬರೆಸಿ ಮುನಿಗಳಿಗೆ ಅರ್ಪಿಸಿದರು. ನಾವು ವ್ರತದ ಉದ್ಯಾಪನೆಗೆ ಮೊರದ ಬಾಗಿನ, ರವಿಕೆ ಕಣ ಕೊಡುತ್ತೇವೆ. ಅವರು ಪುಸ್ತಕ ಕೊಟ್ಟರು.

ಅವರು ಕೊಟ್ಟದ್ದು ಓದಲಿ ಎಂದು. ಕಾಲ ಉರುಳಿದಂತೆ ಆ ಓಲೆಗಳು ದರ್ಶನದ ವಸ್ತುವಾದವು. ಯಾತ್ರೆಗೆ ಬಂದವರು ದೂರದಿಂದ ಕೈ ಮುಗಿದು ಹೋಗುತ್ತಿದ್ದರು. ಗೃಹಸ್ಥರು ಸಿದ್ಧಾಂತಗ್ರಂಥ ಓದಬಾರದೆಂಬ ನಂಬಿಕೆಯೂ ಬೆಳೆದಿತ್ತು. ಆ ಲಿಪಿ ಓದಬಲ್ಲವರೂ ವಿರಳವಾದರು. ಓಲೆ ಜೀರ್ಣವಾಗುತ್ತಿದೆ, ಪ್ರತಿ ಮಾಡಿಸದಿದ್ದರೆ ಎಲ್ಲವೂ ಹೋಗುತ್ತದೆ ಎಂದು ಹೊರಗಿನ ಶ್ರಾವಕರು ಒತ್ತಾಯಿಸಿ, ಹಣ ಕೂಡಿಸಿ, 1896ರಲ್ಲಿ ನಕಲು ಕೆಲಸ ಶುರುವಾಯಿತು. ಮೊದಲು ಕೂತವರು ನಮ್ಮ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು. ಅವರ ನಂತರ ಗಜಪತಿ ಶಾಸ್ತ್ರಿಗಳು ಮುಂದುವರಿಸಿದರು. ಎಲ್ಲ ಮುಗಿಯುವಾಗ 1922 ಬಂದಿತ್ತು. ನಕಲಾಯಿತು, ಆದರೆ ನಕಲೂ ಬಸದಿಯೊಳಗೇ ಉಳಿಯಬೇಕೆಂಬ ಕಟ್ಟುಪಾಡು. ಪೆಟ್ಟಿಗೆ ಬದಲಾಯಿತೇ ಹೊರತು ಬೀಗ ಬದಲಾಗಲಿಲ್ಲ.

ಇಲ್ಲಿ ಕತೆ ತಿರುಗುತ್ತದೆ. ಗಜಪತಿ ಶಾಸ್ತ್ರಿಗಳ ಹೆಂಡತಿ ಲಕ್ಷ್ಮೀಬಾಯಿ ಓದುಬರಹ ಬಲ್ಲ ವಿದುಷಿ. ಗಂಡ ಹಗಲು ಮಾಡುತ್ತಿದ್ದ ಕೆಲಸದ ಜೊತೆಜೊತೆಗೇ ಗಂಡಹೆಂಡಿರು ಸೇರಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಆ ಪ್ರತಿ ಉತ್ತರ ದೇಶದ ಸಹಾರನಪುರಕ್ಕೆ ಹೋಗಿ ಒಬ್ಬ ಧನಿಕರ ಮಂದಿರ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ಬಂದ ಶಾಸ್ತ್ರಿಗಳೊಬ್ಬರು ತಮಗೂ ಒಂದು ಪ್ರತಿ ಉಳಿಸಿಕೊಂಡರು. ಅದರಿಂದ ಊರೂರಿಗೆ ಪ್ರತಿಗಳು ಹಬ್ಬಿದವು. ಕೊನೆಗೆ 1939ರಲ್ಲಿ ಪ್ರೊಫೆಸರ್ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹಿಂದಿ ಅನುವಾದ ಸಮೇತ ಮೊದಲ ಸಂಪುಟ ಅಮರಾವತಿಯಿಂದ ಅಚ್ಚಾಗಿ ಹೊರಬಂತು. ಪುಸ್ತಕ ಹೊರಬಂದ ಮೇಲೆ ಮೂಡಬಿದಿರೆಯವರೂ ಮೂಲ ಓಲೆಯೊಡನೆ ಪಾಠ ಹೋಲಿಸಿ ನೋಡಲು ಮುಂದೆ ನೆರವಾದರು.

ಲಕ್ಷ್ಮೀಬಾಯಿ ಮಾಡಿದ್ದು ಕಳ್ಳತನವೆ? ನಂಬಿ ಕೆಲಸ ಕೊಟ್ಟವರಿಗೆ ತಿಳಿಯದಂತೆ ಮಾಡಿದ್ದು, ಆ ಪ್ರತಿಗೆ ಹಣವೂ ಬಂದಿತ್ತು. ಆದ್ದರಿಂದ ಅದನ್ನು ಪುಣ್ಯಕಾರ್ಯವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಆಕೆಯಿಂದ ಯಾರು ಏನನ್ನು ಕಳೆದುಕೊಂಡರು ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಓಲೆ ಇದ್ದಲ್ಲೇ ಇತ್ತು. ಬರೆಸಿದ ದೇಮಿಯಕ್ಕ ಎದ್ದು ಬಂದಿದ್ದರೆ ಬೀಗದ ಪರವಾಗಿ ಮಾತಾಡುತ್ತಿದ್ದಳೋ, ಲಕ್ಷ್ಮೀಬಾಯಿಯ ಪರವಾಗಿಯೋ? ಬೀಗ ಹಾಕಿದವರನ್ನು ಕೆಟ್ಟವರು ಎನ್ನಲೂ ನಾನು ಸಿದ್ಧಳಿಲ್ಲ. ಎಲ್ಲ ಕಡೆ ಅಳಿದದ್ದನ್ನು ಶತಮಾನಗಟ್ಟಲೆ ಗೆದ್ದಲು, ಮಳೆಗಳಿಂದ ಕಾಪಾಡಿದವರು ಅವರೇ. ಕಾಪಾಡುವುದೂ ಸೇವೆಯೇ. ಆದರೆ ಕಾಪಾಡಿದವರು ಒಡೆಯರಾಗುವುದಿಲ್ಲ. ಇದಿಷ್ಟನ್ನು ಆ ಕತೆಯಿಂದ ನಾನು ಕಲಿತೆ.

ಈಗ ಇಂದಿನ ಜಗಳಕ್ಕೆ ಬರುತ್ತೇನೆ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಎಂಬ ಹುಡುಗಿ 2011ರಲ್ಲಿ, ಓದಲು ಬೇಕಾದ ಲೇಖನಗಳಿಗೆ ದುಡ್ಡಿಲ್ಲದೆ ಪರದಾಡಿ, ಸೈ-ಹಬ್ ಎಂಬ ತಾಣವನ್ನು ಕಟ್ಟಿದಳು. ಕೋಟಿಗಟ್ಟಲೆ ಲೇಖನಗಳು ಪ್ರಕಾಶಕರ ಅಪ್ಪಣೆಯಿಲ್ಲದೆ ಅಲ್ಲಿ ಎಲ್ಲರಿಗೂ ಸಿಗುವಂತಾದವು. ನಮ್ಮ ದೇಶದ ಸಂಶೋಧನಾ ವಿದ್ಯಾರ್ಥಿಗಳೂ ಬಹಳ ಜನ ಅದನ್ನು ಬಳಸಿದರು. ದೊಡ್ಡ ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಆ ತಾಣವನ್ನು ಭಾರತದಲ್ಲಿ ತಡೆಹಿಡಿಯಲು ನ್ಯಾಯಾಲಯ ಆದೇಶ ಮಾಡಿತು. ಇದಕ್ಕಿಂತ ಮೊದಲು ಅದೇ ನ್ಯಾಯಾಲಯದಲ್ಲಿ ಇನ್ನೊಂದು ಮೊಕದ್ದಮೆ ನಡೆದಿತ್ತು. ದೆಹಲಿ ವಿಶ್ವವಿದ್ಯಾಲಯದ ಅಂಗಳದ ಜೆರಾಕ್ಸ್ ಅಂಗಡಿಯವನು ಪಠ್ಯಕ್ಕೆ ಬೇಕಾದ ಅಧ್ಯಾಯಗಳನ್ನು ಕಟ್ಟಿ ಮಾರುತ್ತಿದ್ದಾನೆಂದು 2012ರಲ್ಲಿ ಮೂರು ವಿದೇಶಿ ಪ್ರಕಾಶನ ಸಂಸ್ಥೆಗಳು ದಾವೆ ಹೂಡಿದ್ದವು. 2016ರಲ್ಲಿ ನ್ಯಾಯಾಲಯ ವಿದ್ಯಾರ್ಥಿಗಳ ಪರವಾಗಿ ನಿಂತಿತು. ಕೃತಿಸ್ವಾಮ್ಯ ಎನ್ನುವುದು ದೈವದತ್ತವಾದ ಹಕ್ಕಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂದಕ್ಕೆ ಪಡೆದರು. ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡುವುದು ಒಂದು, ಎಲ್ಲವನ್ನೂ ಎತ್ತಿ ಹರಡುವುದು ಇನ್ನೊಂದು ಎಂದು ಕಾನೂನು ಗೆರೆ ಎಳೆಯುತ್ತದೆ. ಕಾನೂನನ್ನು ಮುರಿಯಿರಿ ಎಂದು ಹೇಳುವ ಸ್ಥಾನದಲ್ಲಿ ಉಪಾಧ್ಯಾಯಿನಿ ಇಲ್ಲ. ಆದರೆ ಇಷ್ಟೊಂದು ಜನ ಹಿಂಬಾಗಿಲಿನಿಂದ ಬರುತ್ತಿದ್ದಾರೆಂದರೆ ಮುಂಬಾಗಿಲಿನ ಮೇಲೆಯೂ ಒಂದು ಪ್ರಶ್ನೆ ಇದೆ ಎಂದು ಹೇಳಬಹುದಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಮಹಿಳಾ ಸಂಘದ ವಾಟ್ಸ್‌ಆಪ್ ಗುಂಪಿನಲ್ಲಿ ಹೊಸ ಕನ್ನಡ ಕಾದಂಬರಿಗಳ ಪಿಡಿಎಫ್ ಓಡಾಡುತ್ತಿರುತ್ತದೆ. ಜ್ಞಾನ ಎಲ್ಲರದೂ ತಾನೆ ಎಂದು ಕಳಿಸಿದವರು ನಗುತ್ತಾರೆ. ಎರಡೂ ಒಂದೇ ಅಲ್ಲ. ಕಾದಂಬರಿಕಾರ್ತಿಗೆ ಬರೆದದ್ದಕ್ಕಾಗಿ ಯಾವ ವಿಶ್ವವಿದ್ಯಾಲಯವೂ ಸಂಬಳ ಕೊಟ್ಟಿಲ್ಲ. ಐನೂರು ಪ್ರತಿ ಅಚ್ಚು ಹಾಕಿಸಿ ಮಾರಲು ಹೆಣಗುವ ನಮ್ಮ ಊರುಗಳ ಪ್ರಕಾಶಕರಿಗೆ ನೂರಕ್ಕೆ ಮೂವತ್ತು ಲಾಭದ ಕನಸೂ ಬೀಳುವುದಿಲ್ಲ. ಅವರ ಪುಸ್ತಕವನ್ನು ಕೊಂಡೇ ಓದಬೇಕು. ಆಗದಿದ್ದರೆ ಗ್ರಂಥಾಲಯಕ್ಕೆ ತರಿಸಿ ಓದಬೇಕು. ಸಂಶೋಧಕ ಹಾಗಲ್ಲ. ತನ್ನ ಲೇಖನವನ್ನು ಹೆಚ್ಚು ಜನ ಓದಲಿ ಎಂಬುದೇ ಅವನ ಆಸೆ. ಬೀಗದಿಂದ ಅವನಿಗೆ ಕಾಸೂ ಇಲ್ಲ, ಕೀರ್ತಿಯೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥ ಕಡೆಗೆ ಸಲ್ಲುವ ಗಾದೆ.

2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ನಗರದ ಹೆಸರಿನ ಘೋಷಣೆಯೊಂದು ಹೊರಟು, ಸಂಶೋಧನೆ ಎಲ್ಲರಿಗೂ ಮುಕ್ತವಾಗಿರಬೇಕು ಎಂದಿತು. ಆ ವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಲೇಖನಗಳನ್ನು ಕೂಡಿಡುವ ಮುಕ್ತ ಭಂಡಾರವನ್ನು ತೆರೆಯಿತು. ನಮ್ಮ ದೇಶಕ್ಕೆ ಅದೇ ಮೊದಲನೆಯದು. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ತನ್ನ ಪತ್ರಿಕೆಗಳನ್ನು ಅಂತರಜಾಲದಲ್ಲಿ ಓದಲು ಬಿಟ್ಟಿತು, ಬರೆದವರಿಂದ ಹಣ ಕೇಳಲಿಲ್ಲ. ಅತ್ತಿಮಬ್ಬೆಯ ದಾರಿ ಎಂದರೆ ಇದೇ: ಖರ್ಚನ್ನು ಒಂದು ಸಂಸ್ಥೆ ಹೊರುವುದು, ಎರಡೂ ಕಡೆ ಕೈ ಚಾಚದಿರುವುದು.

ಬೇರೆಯವರು ಬೇರೆ ದಾರಿ ಹಿಡಿದರು. ಓದುವವರಿಗೆ ಬಾಗಿಲು ತೆರೆಯುತ್ತೇವೆ, ಬರೆಯುವವರು ಹಣ ಕಟ್ಟಲಿ ಎಂದರು. ಕೇಳಲು ಚೆನ್ನಾಗಿದೆ. ಆದರೆ ಲೋಕಪ್ರಸಿದ್ಧವಾದ ನೇಚರ್ ಪತ್ರಿಕೆ ಒಂದು ಲೇಖನವನ್ನು ಹೀಗೆ ಮುಕ್ತವಾಗಿ ಪ್ರಕಟಿಸಲು 9,500 ಯೂರೋ ಶುಲ್ಕ ಎಂದು 2020ರಲ್ಲಿ ಸಾರಿತು. ನಮ್ಮ ರೂಪಾಯಿಯಲ್ಲಿ ಎಂಟು ಲಕ್ಷದ ಮೇಲೆ. 2023ರಲ್ಲಿ ನ್ಯೂರೋಇಮೇಜ್ ಎಂಬ ಪತ್ರಿಕೆಯ ಸಂಪಾದಕರೆಲ್ಲರೂ, 3,450 ಡಾಲರ್ ಶುಲ್ಕ ಅನ್ಯಾಯ, ಇಳಿಸಿ ಎಂದು ಕೇಳಿ, ಇಳಿಸದಿದ್ದಾಗ ಒಟ್ಟಾಗಿ ರಾಜೀನಾಮೆ ಕೊಟ್ಟು ಬೇರೆ ಪತ್ರಿಕೆ ಕಟ್ಟಿದರು. ಸಣ್ಣ ಊರಿನ ಕಾಲೇಜಿನ ಅಧ್ಯಾಪಕಿಯೊಬ್ಬಳು ಒಳ್ಳೆಯ ಸಂಶೋಧನೆ ಮಾಡಿದರೂ ಇಷ್ಟು ಹಣ ಎಲ್ಲಿಂದ ತಂದಾಳು? ಮೊದಲು ಓದಲು ಬಡವರಿಗೆ ಬಾಗಿಲು ಮುಚ್ಚಿತ್ತು, ಈಗ ಬರೆಯಲು ಮುಚ್ಚಿತು. ಇದರ ನೆರಳಿನಲ್ಲಿಯೇ ಕಳ್ಳ ಪತ್ರಿಕೆಗಳೂ ಹುಟ್ಟಿದವು. ನಾಲ್ಕೈದು ಸಾವಿರ ಕೊಟ್ಟರೆ ಪರೀಕ್ಷೆ ಗಿರೀಕ್ಷೆ ಇಲ್ಲದೆ ಅಚ್ಚು ಹಾಕಿ ಕೊಡುವ ಅಂಗಡಿಗಳು. ಬಡ್ತಿಗೆ, ಪಿಎಚ್.ಡಿ.ಗೆ ಲೇಖನ ಬೇಕೇ ಬೇಕೆಂದಾಗ ಒಡವೆ ಅಡವಿಟ್ಟು ಅಂಥ ಕಡೆ ಹಣ ಕಟ್ಟಿದ ಗೆಳತಿಯೊಬ್ಬಳನ್ನು ನಾನು ಬಲ್ಲೆ. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲು ಯುಜಿಸಿ 2019ರಲ್ಲಿ ಒಂದು ಪಟ್ಟಿ ಮಾಡಿ, 2025ರಲ್ಲಿ ಅದನ್ನೂ ಕೈಬಿಟ್ಟಿತು. ತೆರೆದ ಬಾಗಿಲೆಲ್ಲ ಒಳ್ಳೆಯ ಮನೆಯದಲ್ಲ ಎಂದು ಹೆಣ್ಣುಮಕ್ಕಳಿಗೆ ನಾವು ಹೇಳುವ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಇನ್ನು ನಮ್ಮ ಸರ್ಕಾರ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸರ್ಕಾರದ 6,300ಕ್ಕೂ ಹೆಚ್ಚು ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿರುವ ಸುಮಾರು 1.8 ಕೋಟಿ ಜನರಿಗೆ ಅನುಕೂಲ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೊಡ್ಡ ಸಂಸ್ಥೆಯವರಿಗೂ ಒಂದೇ ಪುಸ್ತಕದ ಕಪಾಟು ಎಂದರೆ ಸಂತೋಷವೇ. ಆದರೆ ಆ ಪಟ್ಟಿಯಲ್ಲಿ ಹೈಸ್ಕೂಲು ಇಲ್ಲ. ಆಲೂಗಡ್ಡೆ ಬೆಳೆಯುವವರಿಲ್ಲ. ಮಗುವಿನ ಕಾಯಿಲೆಯ ಹೆಸರು ಬರೆದುಕೊಂಡು ಓದಿ ತಿಳಿಯಬೇಕೆಂದು ಒದ್ದಾಡುವ ತಾಯಿ ಇಲ್ಲ. ತೆರಿಗೆ ಕಟ್ಟುವಾಗ ಇವರೆಲ್ಲ ಲೆಕ್ಕಕ್ಕಿದ್ದರು. 6,000 ಕೋಟಿ ಕೊಟ್ಟು ನಾವು ಕೊಂಡದ್ದು ಒಳಗೆ ಕೂರುವವರ ಸಂಖ್ಯೆಯನ್ನು ಹೆಚ್ಚಿಸುವ ಅನುಮತಿಯನ್ನೇ ಹೊರತು ಬಾಗಿಲನ್ನಲ್ಲ.

ನಮ್ಮ ಹುಡುಗಿಗೆ ಆಮೇಲೆ ನಾನು ಕೊಟ್ಟ ಉತ್ತರ ಇಷ್ಟೇ: “ನೀನು ಕೇಳಿದ್ದು ಸರಿ. ಅದು ನಿನಗೆ ಬರಬೇಕಾದ ಬಾಕಿ.” ಜನರ ಹಣದಿಂದ ಹುಟ್ಟಿದ ತಿಳಿವಳಿಕೆಯನ್ನು ಜನರಿಗೆ ತೆರೆಯುವುದು ಔದಾರ್ಯವಲ್ಲ. ಖರ್ಚಿದೆ ಎಂಬುದು ನಿಜ. ಆ ಖರ್ಚನ್ನು ಸಂಶೋಧನೆಗೆ ಹಣ ಕೊಟ್ಟ ಕೈಯೇ ಮೊದಲಿಗೇ ಹೊತ್ತುಬಿಡಬೇಕು. ಬಿತ್ತನೆಗೆ ಸಾಲ ಕೊಡುವಾಗ ಕುಯಿಲಿನ ಕೂಲಿಯನ್ನೂ ಲೆಕ್ಕ ಹಾಕುವುದಿಲ್ಲವೆ, ಹಾಗೆ.

ಇಷ್ಟಾದರೂ ಒಂದು ಬೀಗ ಉಳಿಯುತ್ತದೆ. ಅದರ ಮಾತನ್ನು ದೊಡ್ಡವರ ವಾದದಲ್ಲಿ ನಾನು ಹೆಚ್ಚಾಗಿ ಕೇಳಲಿಲ್ಲ. ಮೊಸಳೆಯಲ್ಲಿ ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು ಅವಳಿ ಮಕ್ಕಳ ಹಾಗೆ ಪಕ್ಕಪಕ್ಕದಲ್ಲಿ ನಿಂತಿವೆ. ಸುಮಾರು ಕ್ರಿ.ಶ. 1200ರ ಕೆಲಸ. ನಮ್ಮ ಜಿಲ್ಲೆಯಲ್ಲಿ ಇಂಥ ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಯಲ್ಲಿ, ಊರ ಬಾಗಿಲಲ್ಲಿ ಶಾಸನದ ಕಲ್ಲುಗಳು ಎಲ್ಲೆಲ್ಲೂ ಇವೆ. ಕಲ್ಲಿಗೆ ಬೀಗವಿಲ್ಲ, ಚಂದಾ ಇಲ್ಲ, ಬಿಸಿಲಲ್ಲಿ ನಿಂತು ಯಾರು ಬೇಕಾದರೂ ನೋಡಬಹುದು. ಆದರೂ ನೂರಾರು ವರ್ಷ ಅದರ ಮೇಲೆ ಬಟ್ಟೆ ಒಗೆದವರಿದ್ದಾರೆ, ಏಕೆಂದರೆ ಓದಲು ಬರುತ್ತಿರಲಿಲ್ಲ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಅಚ್ಚಿಗೆ ತಂದಾಗ ಮೂಲಪಾಠವನ್ನು ಕನ್ನಡ ಅಕ್ಷರದಲ್ಲಿ, ರೋಮನ್ ಅಕ್ಷರದಲ್ಲಿ ಕೊಟ್ಟು, ಅರ್ಥವನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಇಂದು ಆ ಸಂಪುಟ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಆದರೂ ಗುಡಿಯ ಪಕ್ಕದ ಮನೆಯ ಹೆಂಗಸಿಗೆ ಆ ಕಲ್ಲು ಏನು ಹೇಳುತ್ತದೆಂದು ತಿಳಿಯದು. ತೆರೆದಿಟ್ಟದ್ದೆಲ್ಲ ತಲುಪಿದ್ದಲ್ಲ.

ಅಂಗಮಾರಿಯ ಲೇಖನ ನಾಳೆ ಪೂರ್ತಿ ಬಿಟ್ಟಿ ಸಿಕ್ಕರೂ ಇಂಗ್ಲಿಷಿನಲ್ಲಿರುತ್ತದೆ, ಅದೂ ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗದ ಇಂಗ್ಲಿಷಿನಲ್ಲಿ. ಆದ್ದರಿಂದ ಋಣ ಪೂರ್ತಿ ತೀರಬೇಕಾದರೆ ಬೀಗ ತೆಗೆದರೆ ಸಾಲದು, ತಿಳಿಗನ್ನಡದಲ್ಲಿ ಎರಡು ಪುಟ ಸಾರವನ್ನೂ ಬರೆದು ಕೊಡಬೇಕು. ಜನರ ಹಣದ ಪ್ರತಿಯೊಂದು ಸಂಶೋಧನೆಯೂ, ಎಲ್ಲಿಯ ಹೊಲದಿಂದ ಎಲೆ ಕಿತ್ತಿತೋ ಅಲ್ಲಿಯ ಭಾಷೆಯಲ್ಲಿ ಅಷ್ಟನ್ನಾದರೂ ಹಿಂದಿರುಗಿಸಬೇಕೆಂದು ನಿಯಮ ಮಾಡಿದರೆ ಎಷ್ಟು ಚೆನ್ನ. ಆಗದ ಮಾತಲ್ಲ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಎಲ್ಲರ ಬಳಕೆಗೆ ಮುಕ್ತಗೊಳಿಸಿತು. ಮೂಡಬಿದಿರೆಯಲ್ಲಿ ಬೀಗದೊಳಗಿದ್ದ ಧವಲಾ ಗ್ರಂಥವನ್ನು ಕನ್ನಡಕ್ಕೆ ತರುವ ಕೆಲಸ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಲ್ಲಿಯೇ ನಡೆದು ಸಂಪುಟಗಳು ಹೊರಬಂದಿವೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಸರ್ಕಾರಿ ತಾಣದಲ್ಲಿ ಎಲ್ಲರಿಗೂ ತೆರೆದಿವೆ. ಕನ್ನಡದಲ್ಲಿ ಬರೆದವೂ ಅಲ್ಲಿ ಬೇಕಾದಷ್ಟಿವೆ. ಮಧ್ಯಾಹ್ನದ ಕೆಲಸ ಮುಗಿಸಿ ಮೊಬೈಲು ಹಿಡಿದು ಕೂರುವ ಗೆಳತಿಯರು ಒಮ್ಮೆ ಅಲ್ಲಿ ಹೊಕ್ಕು ನೋಡಬೇಕು. ಜನಪದ ಹಾಡು, ಹಬ್ಬದ ಅಡುಗೆ, ನಿಮ್ಮದೇ ತಾಲ್ಲೂಕಿನ ದೇವಸ್ಥಾನ, ಹೀಗೆ ಯಾವುದೋ ವಿಷಯ ಸಿಕ್ಕೀತು. ಬೀಗ ಬಿದ್ದ ಲೇಖನವಾದರೆ ಅದನ್ನು ಬರೆದವರ ವಿಳಾಸಕ್ಕೆ ಎರಡು ಸಾಲು ಬರೆದು ಕೇಳುವುದರಲ್ಲಿಯೂ ಸಂಕೋಚ ಬೇಡ. ಎಷ್ಟೋ ಜನ ವಿದ್ವಾಂಸರು ತಮ್ಮ ಪ್ರತಿಯನ್ನು ಸಂತೋಷದಿಂದ ಕಳಿಸಿಕೊಡುತ್ತಾರೆ.

ಹೆಂಗಸರಿಗೆ ಕೇಳುವುದೇ ಕಷ್ಟ. ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತೇವೆ. ಓದು ನಮಗೆ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು ಎಂದು ಬಹಳ ಕಾಲ ನಂಬಿಸಿದ್ದರಿಂದ ಬಂದ ಹಿಂಜರಿಕೆ ಇದು. ದೇಮಿಯಕ್ಕ, ಮಲ್ಲಿಕಬ್ಬೆಯರು ಓಲೆ ಬರೆಸಿದರು, ಅತ್ತಿಮಬ್ಬೆ ಹಂಚಿದಳು, ಲಕ್ಷ್ಮೀಬಾಯಿ ದೀಪದ ಬೆಳಕಿನಲ್ಲೋ ಹಗಲಿನ ಬಿಡುವಿನಲ್ಲೋ ಕೂತು ನಕಲು ತೆಗೆದಳು. ಅಷ್ಟು ಹಿಂದಿನಿಂದ ನಮ್ಮವರ ದುಡಿಮೆಯೂ ಹಣವೂ ಈ ಭಂಡಾರದಲ್ಲಿ ಸೇರಿರುವಾಗ ನಾವು ಅದರ ಬಾಗಿಲಲ್ಲಿ ಭಿಕ್ಷೆಗೆ ನಿಂತವರಲ್ಲ, ಬಾಕಿ ವಸೂಲಿಗೆ ಬಂದವರು. ನಾಚಿಕೆಯಿಲ್ಲದೆ ಕೇಳೋಣ.